ಕಾಶಿಯೋ, ಹರಿದ್ವಾರವೋ, ಪ್ರಯಾಗವೋ: ಕರಾವಳಿಯಿಂದ ಗಂಗೆಗೆ ಹೊರಡುವ ಮೊದಲು

ಮಗನೋ ಮಗಳೋ ಕೆಲಸದಲ್ಲಿ ನೆಲೆ ನಿಂತ ಮೇಲೆ ನಮ್ಮ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ. ಅಪ್ಪ ಅಮ್ಮನನ್ನು ಒಮ್ಮೆ ಗಂಗಾಸ್ನಾನಕ್ಕೆ ಕರೆದುಕೊಂಡು ಹೋಗಬೇಕು. ಆಮೇಲೆ ಚರ್ಚೆ ಶುರು. ಒಬ್ಬರು ಕಾಶಿ ಎನ್ನುತ್ತಾರೆ. ಮುಂಬೈಯ ಮಾವ ಫೋನಿನಲ್ಲಿ "ಕಾಶಿಯಲ್ಲಿ ಬರೀ ಗಲಾಟೆ, ಹರಿದ್ವಾರಕ್ಕೆ ಹೋಗಿ" ಎನ್ನುತ್ತಾರೆ. ಪಕ್ಕದ ಮನೆಯವರು ಪ್ಯಾಕೇಜಿನಲ್ಲಿ ಕಾಶಿ, ಗಯಾ, ಪ್ರಯಾಗ, ಅಯೋಧ್ಯೆ ಎಲ್ಲ ಒಂದೇ ಸಲಕ್ಕೆ ಮುಗಿಸಿ ಬಂದಿರುತ್ತಾರೆ. ಮೂವರ ಮಾತೂ ಸುಳ್ಳಲ್ಲ. ಆದರೆ ಮೂವರೂ ಅವರವರ ಮೊಣಕಾಲು ನೋಡಿ ಹೇಳಿದ್ದು.

ನನ್ನ ಲೆಕ್ಕ ಇಷ್ಟೇ. ಊರನ್ನು ಆರಿಸುವ ಮೊದಲು, ಹೋಗುವವರಲ್ಲಿ ಎಲ್ಲರಿಗಿಂತ ಹಿರಿಯರು ಯಾರು, ಅವರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ಪಿತೃಕಾರ್ಯ ಮಾಡಿಸಬೇಕು, ವಿಶ್ವನಾಥನನ್ನು ನೋಡಬೇಕು ಎಂದರೆ ಕಾಶಿ. ಗಂಗೆಯಲ್ಲಿ ನೆಮ್ಮದಿಯಾಗಿ ಮುಳುಗು ಹಾಕಬೇಕು, ಜಾಸ್ತಿ ನಡೆಯಲು ಆಗುವುದಿಲ್ಲ ಎಂದರೆ ಹರಿದ್ವಾರ. ಪ್ರಯಾಗವನ್ನು ಕಾಶಿಯ ಜೊತೆಗೆ ಸೇರಿಸಿಕೊಳ್ಳಿ. ಕುಂಭ, ಮಾಘಸ್ನಾನ ಬಿಟ್ಟರೆ ಅದೊಂದಕ್ಕೇ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅಜ್ಜಿ ಜೀವಮಾನವಿಡೀ "ಕಾಶಿಗೆ ಹೋಗಬೇಕು" ಎಂದಿದ್ದರೆ, ನಿಮ್ಮ ಅನುಕೂಲ ನೋಡಿ ಹರಿದ್ವಾರಕ್ಕೆ ಕರೆದೊಯ್ಯಬೇಡಿ. ಅಲ್ಲಿಯ ನೀರು ಎಷ್ಟೇ ತಿಳಿಯಾಗಿರಲಿ, ಮನೆಗೆ ಬಂದ ಮೇಲೆ ಅವರು ಕೇಳುವುದು "ಇನ್ನು ಕಾಶಿಗೆ ಯಾವಾಗ?" ಎಂದೇ.

ರೈಲು, ವಿಮಾನ

ಇಲ್ಲಿ ಹರಿದ್ವಾರ ಒಂದು ಹೆಜ್ಜೆ ಮುಂದಿದೆ. ಕೇರಳದಿಂದ ಹೊರಟು ಮಂಗಳೂರು ಜಂಕ್ಷನ್ ಹಾದು ಕೊಂಕಣ ರೈಲು ಮಾರ್ಗದಲ್ಲಿ ನೇರ ಹರಿದ್ವಾರ, ಯೋಗ ನಗರಿ ಋಷಿಕೇಶಕ್ಕೆ ಹೋಗುವ ರೈಲು ವಾರಕ್ಕೊಂದಿದೆ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಆದರೆ ಹತ್ತಿದವರು ಇಳಿಯುವುದು ಹರಿದ್ವಾರದಲ್ಲೇ. ವಯಸ್ಸಾದವರ ಜೊತೆ, ನಾಲ್ಕು ಬ್ಯಾಗು ಹಿಡಿದುಕೊಂಡು ಹೋಗುವಾಗ ಇದು ಸಣ್ಣ ವಿಷಯವಲ್ಲ. ತೊಂದರೆ ಏನೆಂದರೆ, ವಾರಕ್ಕೊಂದೇ ಆದ್ದರಿಂದ ಬರುವ ದಿನ ನಮ್ಮ ಲೆಕ್ಕಕ್ಕೆ ಕೂಡಿಬರುವುದು ಕಷ್ಟ. ಹೋಗುವಾಗ ಆ ರೈಲು, ಬರುವಾಗ ಹರಿದ್ವಾರದಿಂದ ದೆಹಲಿಗೆ ಬಂದು ನಿಜಾಮುದ್ದೀನ್‌ನಲ್ಲಿ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹಿಡಿಯುವುದು ಒಳ್ಳೆಯ ಜೋಡಿ. ಮಂಗಳಾ ದಿನಾ ಇದೆ. ಉಡುಪಿಯವರು ಇಂದ್ರಾಳಿಯಲ್ಲೇ ಇಳಿಯಬಹುದು.

ಕಾಶಿಗೆ ಕರಾವಳಿಯಿಂದ ದಿನನಿತ್ಯದ ನೇರ ರೈಲು ಇಲ್ಲ. ಎಲ್ಲೋ ಒಂದು ಕಡೆ ಬದಲಾಯಿಸಲೇಬೇಕು. ಬೆಂಗಳೂರಿಗೆ ಹೋಗಿ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿಯುವವರು ಜಾಸ್ತಿ. ಅದು ಪಟ್ನಾ ಪಕ್ಕದ ದಾನಾಪುರಕ್ಕೆ ಹೋಗುವ ರೈಲು. ಕಾಶಿ ಊರಿನೊಳಗೆ ಬರುವುದಿಲ್ಲ. ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮುಘಲ್‌ಸರಾಯ್‌ನಲ್ಲಿ ಇಳಿದು ಗಂಗೆ ದಾಟಿ ಬರಬೇಕು. ನನಗೆ ಇದಕ್ಕಿಂತ ಮುಂಬೈ ದಾರಿ ಇಷ್ಟ. ಮಂಗಳೂರಿನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೋಗಿ ನಿಲ್ಲುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ವಾರಾಣಸಿಯ ಮೇಲೆ ಹೋಗುವ ಕಾಮಾಯನಿ ಎಕ್ಸ್‌ಪ್ರೆಸ್ ಹೊರಡುವುದೂ ಅಲ್ಲಿಂದಲೇ. ನಿಲ್ದಾಣ ಬದಲಿಸುವ ತಲೆಬಿಸಿ ಇಲ್ಲ. ಮೇಲಾಗಿ ಮುಂಬೈಯಲ್ಲಿ ಒಬ್ಬರಾದರೂ ನೆಂಟರಿಲ್ಲದ ಮನೆ ನಮ್ಮಲ್ಲಿ ಕಡಿಮೆ ಅಲ್ವಾ? ಒಂದು ರಾತ್ರಿ ಅವರ ಮನೆಯಲ್ಲಿ ತಂಗಿ, ಮಿಂದು, ಊಟ ಮಾಡಿ ಮುಂದೆ ಹೊರಟರೆ ಹಿರಿಯರಿಗೆ ಆಯಾಸ ಗೊತ್ತಾಗುವುದಿಲ್ಲ.

ವಿಮಾನದ ಲೆಕ್ಕ ಉಲ್ಟಾ. ಇಲ್ಲಿ ಕಾಶಿ ಸುಲಭ. ಬಜ್ಪೆಯಿಂದ ಬೆಂಗಳೂರು ಅಥವಾ ಮುಂಬೈ, ಅಲ್ಲಿಂದ ನೇರ ವಾರಾಣಸಿ. ಬೆಳಿಗ್ಗೆ ಹೊರಟರೆ ಸಂಜೆಯ ಆರತಿಗೆ ಘಾಟ್‌ನಲ್ಲಿರಬಹುದು. ಬಾಬತ್‌ಪುರದ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 25 ಕಿಲೋಮೀಟರ್. ಹರಿದ್ವಾರಕ್ಕಾದರೆ ಡೆಹ್ರಾಡೂನ್‌ನ ಜಾಲಿ ಗ್ರಾಂಟ್‌ನಲ್ಲಿ ಇಳಿಯಬೇಕು, ಇಲ್ಲವೇ ದೆಹಲಿಯಲ್ಲಿ ಇಳಿದು ರೈಲಿನಲ್ಲೋ ಕಾರಿನಲ್ಲೋ ನಾಲ್ಕೈದು ಗಂಟೆ ಕೂರಬೇಕು. ವಿಮಾನದಲ್ಲಿ ಉಳಿಸಿದ ಶಕ್ತಿ ಆ ರಸ್ತೆಯಲ್ಲಿ ಖರ್ಚಾಗುತ್ತದೆ.

ಹಾಗಾಗಿ ರೈಲಿನಲ್ಲೇ ಹೋಗುವವರಿಗೆ ಹರಿದ್ವಾರ, ವಿಮಾನಕ್ಕೆ ದುಡ್ಡು ಇರುವವರಿಗೆ ಕಾಶಿ. ಪ್ರಯಾಣವೊಂದನ್ನೇ ನೋಡಿದರೆ ಇದೇ ನನ್ನ ತೀರ್ಪು.

ಮೆಟ್ಟಿಲು, ನೀರು, ಸ್ನಾನ

ಕರಪತ್ರಗಳಲ್ಲಿ ಯಾರೂ ಬರೆಯದ ವಿಷಯ ಇದು. ಕಾಶಿಯ ಘಾಟ್‌ಗಳು ಎಂದರೆ ಮೆಟ್ಟಿಲುಗಳು. ಒಟ್ಟು 84 ಘಾಟ್ ಎಂದು ಲೆಕ್ಕ. ದಕ್ಷಿಣದ ಅಸ್ಸಿಯಿಂದ ಉತ್ತರದ ಕಡೆಗೆ ನದಿಯುದ್ದಕ್ಕೂ ಹಬ್ಬಿವೆ. ಮೆಟ್ಟಿಲು ಕಡಿದು, ಒಂದೊಂದು ಕಡೆ ಮೊಣಕಾಲೆತ್ತರ. ಇಳಿಯುವುದು ಹೇಗೋ ಆಗುತ್ತದೆ, ಹತ್ತುವಾಗ ಗೊತ್ತಾಗುತ್ತದೆ. ನೀರಿನ ಅಂಚಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ. ನಮ್ಮ ಕೆರೆಕಟ್ಟೆಯಲ್ಲಿ ಜಾರಿ ಅಭ್ಯಾಸ ಇದ್ದವರೂ ಅಲ್ಲಿ ಜಾಗ್ರತೆಯಾಗಿರಬೇಕು. ಒಂದೆರಡು ಮೆಟ್ಟಿಲು ದಾಟಿದರೆ ಆಳ ಒಮ್ಮೆಲೇ ಜಾಸ್ತಿಯಾಗುವ ಜಾಗಗಳಿವೆ.

ಇನ್ನು ಗೋದೌಲಿಯಾದಿಂದ ದಶಾಶ್ವಮೇಧ ಘಾಟ್‌ವರೆಗೆ ಸಂಜೆ ಹೊತ್ತು ವಾಹನ ಬಿಡುವುದಿಲ್ಲ. ಜನಜಂಗುಳಿಯಲ್ಲಿ ನಡೆದೇ ಹೋಗಬೇಕು. ಗಲ್ಲಿಗಳಲ್ಲಿ ಹಸು, ಬೈಕು, ಶವ ಹೊತ್ತವರು ಎಲ್ಲರೂ ಒಂದೇ ದಾರಿಯಲ್ಲಿ. ಇಷ್ಟೆಲ್ಲ ಹೇಳಿದ್ದು ಹೆದರಿಸಲಿಕ್ಕಲ್ಲ. ಮೊಣಕಾಲು ನೋವಿನವರನ್ನು ಕರೆದೊಯ್ಯುವುದಿದ್ದರೆ ಅಸ್ಸಿ ಘಾಟ್ ಹತ್ತಿರ ಕೋಣೆ ಮಾಡಿ. ಅಲ್ಲಿ ವಾಹನ ಬಹಳ ಹತ್ತಿರದವರೆಗೆ ಬರುತ್ತದೆ, ಜಾಗ ವಿಶಾಲವಾಗಿದೆ. ಬೆಳಗಿನ ಜಾವ ಅಲ್ಲೇ 'ಸುಬಹ್-ಎ-ಬನಾರಸ್' ಆರತಿ ಇರುತ್ತದೆ. ನಡೆಯುವ ಬದಲು ಅಲ್ಲಿಂದಲೇ ದೋಣಿ ಹತ್ತಿ ಉಳಿದ ಘಾಟ್‌ಗಳನ್ನು ನೋಡಬಹುದು. ರಾಜ್‌ಘಾಟ್ ಬಳಿ ಹೊಸದಾಗಿ ಕಟ್ಟಿದ ನಮೋ ಘಾಟ್‌ನಲ್ಲಿ ಇಳಿಜಾರು ದಾರಿ ಇದೆ, ವಾಹನ ನಿಲ್ಲಿಸಲು ಜಾಗ ಇದೆ. ಹಳೆಯ ಘಾಟ್‌ನ ಕಳೆ ಅಲ್ಲಿಲ್ಲ, ನಿಜ. ಆದರೆ ಗಾಲಿಕುರ್ಚಿಯಲ್ಲಿ ಬಂದ ದೊಡ್ಡಮ್ಮನಿಗೆ ಕಳೆಗಿಂತ ಇಳಿಜಾರು ಮುಖ್ಯ.

ಹರಿದ್ವಾರದಲ್ಲಿ ನೆಲ ಸಪಾಟು. ಹರ್ ಕೀ ಪೌಡಿಯಲ್ಲಿ ಮೆಟ್ಟಿಲು ಕಡಿಮೆ, ಹಿಡಿದುಕೊಳ್ಳಲು ಕಬ್ಬಿಣದ ಸರಪಳಿ ಕಟ್ಟಿದ್ದಾರೆ. ಸರಪಳಿ ಅಲಂಕಾರಕ್ಕಲ್ಲ. ಅಲ್ಲಿ ನೀರಿನ ಸೆಳೆತ ಭಯಂಕರ, ಕೈ ಬಿಟ್ಟರೆ ಕೊಚ್ಚಿಕೊಂಡು ಹೋಗುತ್ತದೆ. ಮೇ ತಿಂಗಳಲ್ಲೂ ನೀರು ಹಿಮದಷ್ಟು ತಣ್ಣಗೆ. ಸಮುದ್ರದ ಬೆಚ್ಚನೆಯ ಗಾಳಿಯಲ್ಲಿ ಬೆಳೆದ ನಮಗೆ ಮೊದಲ ಮುಳುಗಿಗೆ ಉಸಿರೇ ನಿಂತ ಹಾಗಾಗುತ್ತದೆ. ಹೃದಯದ ತೊಂದರೆ ಇದ್ದವರು ಮುಳುಗು ಹಾಕುವ ಹಟ ಬಿಟ್ಟು, ಮೆಟ್ಟಿಲಲ್ಲಿ ಕೂತು ಚೊಂಬಿನಲ್ಲಿ ಸುರಿದುಕೊಂಡರೆ ಸಾಕು. ಇನ್ನೊಂದು ಉಪಾಯ ಇದೆ. ಸ್ನಾನಕ್ಕೆ ಹರ್ ಕೀ ಪೌಡಿಗೇ ಹೋಗಬೇಕೆಂದಿಲ್ಲ. ಭೂಪತ್‌ವಾಲಾ, ಸಪ್ತ ಸರೋವರ ಕಡೆ ನದಿಗೆ ತಾಗಿ ಆಶ್ರಮಗಳಿವೆ, ಕೆಲವಕ್ಕೆ ಸ್ವಂತ ಘಾಟ್ ಇದೆ. ಕೋಣೆಯಿಂದ ನಾಲ್ಕು ಹೆಜ್ಜೆ, ಗಂಗೆ.

ನೀರಿನ ಶುದ್ಧಿಯ ಮಾತಿಗೆ ಬಂದರೆ ಹರಿದ್ವಾರ ಗೆಲ್ಲುತ್ತದೆ, ಅದರಲ್ಲಿ ಚರ್ಚೆ ಇಲ್ಲ. ಹಿಮಾಲಯದಿಂದ ಆಗಷ್ಟೇ ಬಯಲಿಗೆ ಇಳಿದ ನದಿ ಅದು. ಕಾಶಿಗೆ ಬರುವಷ್ಟರಲ್ಲಿ ಕಾನ್ಪುರ, ಪ್ರಯಾಗ ಎಲ್ಲ ದಾಟಿ ಬಂದಿರುತ್ತದೆ. ಭಕ್ತಿಗೂ ಕಣ್ಣಿಗೂ ಜಗಳ ಬೇಡ ಎನ್ನುವವರು ಕಾಶಿಯಲ್ಲಿ ದೋಣಿ ಮಾಡಿಕೊಂಡು ಆಚೆ ದಡದ ಮರಳಿಗೆ ಹೋಗಿ ಮೀಯುತ್ತಾರೆ. ಘಾಟ್ ಬದಿಗಿಂತ ಅಲ್ಲಿ ಹಿತ. ಬಟ್ಟೆ ಬದಲಿಸಲು ಹೆಂಗಸರಿಗೆ ಮರೆ ಮಾತ್ರ ಸರಿಯಿಲ್ಲ, ದೊಡ್ಡ ಸೀರೆಯೊಂದು ಜೊತೆಗಿರಲಿ. ಎಲ್ಲೇ ಆಗಲಿ, ತೀರ್ಥ ಎಂದು ನದಿಯ ನೀರು ಕುಡಿಯಬೇಡಿ. ತಲೆಗೆ ಪ್ರೋಕ್ಷಿಸಿಕೊಂಡರೆ ಪುಣ್ಯ ಕಡಿಮೆಯಾಗುವುದಿಲ್ಲ.

ದೋಣಿ ಹತ್ತುವ ಮೊದಲು ದರ ಇಡೀ ದೋಣಿಗೋ, ತಲೆಗೋ ಎಂದು ಎರಡು ಸಲ ಕೇಳಿ. ಕಾಶಿಯಲ್ಲೂ ಪ್ರಯಾಗದಲ್ಲೂ ಇಳಿಯುವಾಗಿನ ಜಗಳಗಳಿಗೆಲ್ಲ ಇದೇ ಮೂಲ.

ದೇವಸ್ಥಾನ ಮತ್ತು ಆರತಿ

ದೇವರ ದರ್ಶನವೇ ಮುಖ್ಯ ಎಂದರೆ ಹೋಲಿಕೆಯೇ ಇಲ್ಲ. ಕಾಶಿಗೆ ವಿಶ್ವನಾಥ ಇದ್ದಾನೆ. ಈಗಿನ ಗುಡಿ 1780ರ ಸುಮಾರಿಗೆ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು. ಶಿಖರಕ್ಕೆ ಚಿನ್ನ ಹೊದೆಸಿದ್ದು ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೊಡುಗೆ. 2021ರ ಡಿಸೆಂಬರ್‌ನಲ್ಲಿ ಹೊಸ ಕಾರಿಡಾರ್ ತೆರೆದ ಮೇಲೆ ಲಲಿತಾ ಘಾಟ್‌ನಿಂದ ನೇರ ದೇವಸ್ಥಾನದ ಪ್ರಾಂಗಣಕ್ಕೆ ಬರಬಹುದು. ಮೊದಲಿನ ಇಕ್ಕಟ್ಟು ಹೋಗಿದೆ, ಸರದಿ ಹೋಗಿಲ್ಲ. ಹಿರಿಯರಿದ್ದರೆ ದೇವಸ್ಥಾನದ ಅಧಿಕೃತ ಜಾಲತಾಣದಲ್ಲಿ ಸುಗಮ ದರ್ಶನದ ಟಿಕೆಟ್ ಮಾಡಿಸಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಕೋಣೆಯಲ್ಲೇ ಇಟ್ಟು ಹೋಗುವುದು ಒಳ್ಳೆಯದು. ಹೊರಗಿನ ಅಂಗಡಿಯಲ್ಲಿ ಲಾಕರ್ ಕೊಡುತ್ತೇವೆ ಎಂದು ಕರೆದು, ಜೊತೆಗೆ ದುಬಾರಿ ಹೂವಿನ ಬುಟ್ಟಿಯನ್ನೂ ಕೈಗೆ ಕೊಡುತ್ತಾರೆ.

ಅನ್ನಪೂರ್ಣೆ, ವಿಶಾಲಾಕ್ಷಿ, ಕಾಲಭೈರವ ಎಲ್ಲರಿಗೂ ಗೊತ್ತು. ನಮ್ಮ ಮಾಧ್ವರು ಪಂಚಗಂಗಾ ಘಾಟ್‌ನ ಬಿಂದುಮಾಧವನನ್ನು ಬಿಟ್ಟು ಬರುವುದಿಲ್ಲ. ಪ್ಯಾಕೇಜಿನವರ ಪಟ್ಟಿಯಲ್ಲಿ ಅದು ಇರುವುದು ಅಪರೂಪ, ಮೊದಲೇ ಕೇಳಿ.

ಹರಿದ್ವಾರದಲ್ಲಿ ದೇವಿ ಗುಡಿಗಳು ಗುಡ್ಡದ ಮೇಲಿವೆ. ಮಾನಸಾದೇವಿ, ಚಂಡೀದೇವಿ ಎರಡಕ್ಕೂ ರೋಪ್‌ವೇ ಇದೆ. ಕನ್‌ಖಲ್‌ನ ದಕ್ಷೇಶ್ವರ ಶಾಂತ ಜಾಗ. ನಿಜ ಹೇಳಬೇಕೆಂದರೆ ಹರಿದ್ವಾರಕ್ಕೆ ಹೋಗುವುದು ಗುಡಿ ನೋಡಲಿಕ್ಕಲ್ಲ, ಗಂಗೆಯೇ ಅಲ್ಲಿ ದೇವರು.

ಆರತಿ? ದಶಾಶ್ವಮೇಧದ್ದು ವೈಭವ. ಸಾಲಾಗಿ ಹಾಕಿದ ಪೀಠಗಳಲ್ಲಿ ಒಂದೇ ಉಡುಪು ತೊಟ್ಟ ಅರ್ಚಕರು, ದೊಡ್ಡ ದೀಪಗಳು, ಮೈಕು, ಮುಕ್ಕಾಲು ಗಂಟೆಯ ಕಾರ್ಯಕ್ರಮ. ನೋಡಲು ಚಂದ, ಆದರೆ ನಾವು ನೋಡುಗರು. ಹರ್ ಕೀ ಪೌಡಿಯಲ್ಲಿ ಆರತಿ ಬೇಗ ಮುಗಿಯುತ್ತದೆ, ಜನರೆಲ್ಲ ಕೈ ಎತ್ತಿ ಸೇರಿಕೊಳ್ಳುತ್ತಾರೆ, ನಾವೂ ಅದರೊಳಗೇ ಇರುತ್ತೇವೆ. ನನಗೆ ಅದೇ ಹೆಚ್ಚು ಹಿಡಿಸಿತು. ಗಡಿಯಾರ ಗೋಪುರ ಇರುವ ಮಾಳವೀಯ ದ್ವೀಪದ ಬದಿಯಲ್ಲಿ ಒಂದು ಗಂಟೆ ಮೊದಲೇ ಕೂತರೆ ಎದುರಿಗೇ ಕಾಣುತ್ತದೆ. ಕಾಶಿಯಲ್ಲಾದರೆ ದೋಣಿಯಿಂದ ನೋಡುವುದೇ ಮೊಣಕಾಲಿಗೆ ಸುಖ.

ಒಂದು ವಿಷಯ ಹಿರಿಯರನ್ನು ಮೊದಲೇ ಕೇಳಿ. ಮಣಿಕರ್ಣಿಕಾ, ಹರಿಶ್ಚಂದ್ರ ಘಾಟ್‌ಗಳಲ್ಲಿ ಚಿತೆ ಆರುವುದಿಲ್ಲ. ದೋಣಿಯಲ್ಲಿ ಹೋದರೆ ಅದು ಕಣ್ಣಿಗೆ ಬೀಳದೆ ಇರದು. ಕೆಲವರಿಗೆ ಅದೇ ಕಾಶಿಯ ದರ್ಶನ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಕೆಲವರಿಗೆ ಅದು ತಡೆಯಲಾಗದು. ಅಂಥವರಿಗೆ ಈ ವರ್ಷ ಹರಿದ್ವಾರ ಸಾಕು. ಯಾರೇ ಹೋದರೂ ಅಲ್ಲಿ ಫೋಟೋ ತೆಗೆಯಬೇಡಿ.

ತಂಗುವುದು, ಭಾಷೆ, ಊಟ

ಕಾಶಿಯಲ್ಲಿ ದಕ್ಷಿಣದವರ ಕೇರಿಯೇ ಇದೆ. ಹನುಮಾನ್ ಘಾಟ್‌ನಿಂದ ಕೇದಾರ ಘಾಟ್‌ವರೆಗೆ ನಡೆದರೆ ತಮಿಳು, ತೆಲುಗು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ, ಇಡ್ಲಿ ಸಾಂಬಾರೂ ಸಿಗುತ್ತದೆ. ನಡುವೆ ಕರ್ನಾಟಕ ಘಾಟ್, ಮೈಸೂರು ಸಂಸ್ಥಾನದ ಕಾಲದ ಛತ್ರ. ಕನ್ನಡಿಗರಿಗೆ ಅಲ್ಲಿ ಇಳಿಯುವ ಆಸೆ ಸಹಜ. ಆದರೆ ಪಕ್ಕದ ಘಾಟೇ ಹರಿಶ್ಚಂದ್ರ ಎಂಬುದು ತಿಳಿದಿರಲಿ, ಗಾಳಿ ತಿರುಗಿದಾಗ ಹೊಗೆ ಬರುತ್ತದೆ. ವೀರಶೈವರಿಗೆ ಜಂಗಮವಾಡಿ ಮಠವಿದೆ. ಜಿಎಸ್‌ಬಿ, ಅಂದರೆ ಗೌಡ ಸಾರಸ್ವತ ಬ್ರಾಹ್ಮಣ ಸಮಾಜದವರಿಗಂತೂ ಎರಡೂ ಊರು ತವರಿದ್ದ ಹಾಗೆ. ಕಾಶೀ ಮಠದ ಮೂಲ ಮಠ ಬ್ರಹ್ಮ ಘಾಟ್‌ನಲ್ಲಿ, ಹರಿದ್ವಾರದಲ್ಲಿ ವ್ಯಾಸಾಶ್ರಮ. ಆ ಮಠದ ಸುಧೀಂದ್ರ ತೀರ್ಥ ಸ್ವಾಮೀಜಿ 2016ರ ಜನವರಿಯಲ್ಲಿ ವೃಂದಾವನಸ್ಥರಾದದ್ದೂ ಹರಿದ್ವಾರದಲ್ಲೇ. ಮಠಗಳಲ್ಲಿ ಇಳಿಯುವುದಾದರೆ ಮೊದಲೇ ಪತ್ರ ಅಥವಾ ಫೋನ್ ಮಾಡಿ ಒಪ್ಪಿಗೆ ಪಡೆಯಿರಿ, ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ.

ಹರಿದ್ವಾರದಲ್ಲಿ ಧರ್ಮಶಾಲೆ ಬೇಕಾದಷ್ಟು, ಕನ್ನಡ ಕೇಳಿಸುವುದು ಕಡಿಮೆ. ಹಿಂದಿ ಬರುವವರು ಒಬ್ಬರು ಜೊತೆಗಿರಬೇಕು. ಊರಿನಲ್ಲಿ ಮಾಂಸ, ಮದ್ಯಕ್ಕೆ ನಿಷೇಧ ಇದೆ. ಎರಡು ದಿನ ಮೀನು ಇಲ್ಲದಿದ್ದರೆ ಮುಖ ಬಾಡುವ ಬಂಧುಗಳಿಗೆ ಮೊದಲೇ ತಿಳಿಸಿ. ಯಾತ್ರೆಯಲ್ಲಿ ಕೇಳುವ ಧೈರ್ಯ ಹೇಗೂ ಯಾರಿಗೂ ಇರುವುದಿಲ್ಲ ಬಿಡಿ. ಕಾಶಿಯ ಬೆಳಗಿನ ಕಚೋರಿ, ಜಿಲೇಬಿ, ಚಳಿಗಾಲದಲ್ಲಿ ಮಾತ್ರ ಸಿಗುವ ಹಾಲಿನ ನೊರೆಯ ಸಿಹಿ ಮಲೈಯೋ ಬಿಡಬೇಡಿ. ಆದರೆ ಎರಡೂ ಕಡೆ ಸಿಗದೇ ಇರುವುದು ನಮ್ಮ ಕುಚ್ಚಲಕ್ಕಿ ಗಂಜಿ. ನಾಲ್ಕನೇ ದಿನಕ್ಕೆ ಅಪ್ಪ ಅದನ್ನೇ ನೆನೆಯುತ್ತಾರೆ. ಸ್ವಲ್ಪ ಅಕ್ಕಿ, ಸಣ್ಣ ಕರೆಂಟಿನ ಕುಕ್ಕರ್, ಮಿಡಿ ಉಪ್ಪಿನಕಾಯಿ ಬ್ಯಾಗಿನಲ್ಲಿದ್ದರೆ ಹೊಟ್ಟೆ ಕೆಟ್ಟ ದಿನಕ್ಕೂ ಆಯಿತು.

ಪಿತೃಕಾರ್ಯ ಇದ್ದರೆ

ಆಗ ಹರಿದ್ವಾರವನ್ನು ಪಟ್ಟಿಯಿಂದ ತೆಗೆಯುವುದು ಒಳ್ಳೆಯದು. ಅಲ್ಲಿ ಕಾರ್ಯ ಆಗುವುದಿಲ್ಲ ಎಂದಲ್ಲ, ನಮ್ಮ ಕ್ರಮ ತಿಳಿದವರು ಸಿಗುವುದು ಕಷ್ಟ. ಕಾಶಿ, ಪ್ರಯಾಗ, ಗಯಾ ಮೂರನ್ನೂ ಸೇರಿಸಿ ತ್ರಿಸ್ಥಲೀ ಯಾತ್ರೆ ಎನ್ನುವುದು ಇದಕ್ಕೇ. ಕಾಶಿಯಿಂದ ಪ್ರಯಾಗ ಸುಮಾರು 120 ಕಿಲೋಮೀಟರ್, ಬೆಳಿಗ್ಗೆ ಹೋಗಿ ರಾತ್ರಿ ಬರಬಹುದು. ಗಯಾ ಇನ್ನೊಂದು ದಿಕ್ಕಿಗೆ, ಸುಮಾರು 250 ಕಿಲೋಮೀಟರ್. ಅದಕ್ಕೆ ಒಂದು ರಾತ್ರಿ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಮುಗಿಸುವ ಟ್ಯಾಕ್ಸಿಯವರ ಮಾತು ನಂಬಿದರೆ ವಿಷ್ಣುಪಾದದಲ್ಲಿ ಪಿಂಡ ಇಡುವಾಗಲೂ ಗಡಿಯಾರ ನೋಡಬೇಕಾಗುತ್ತದೆ.

ಪ್ರಯಾಗದಲ್ಲಿ ಸಂಗಮಕ್ಕೆ ದೋಣಿಯಲ್ಲೇ ಹೋಗಬೇಕು. ತಿಳಿ ಹಸಿರಿನ ಯಮುನೆ, ಮಣ್ಣು ಬಣ್ಣದ ಗಂಗೆ ಸೇರುವ ಗೆರೆ ಕಣ್ಣಿಗೇ ಕಾಣುತ್ತದೆ. ಅಲ್ಲಿ ದೋಣಿಗಳನ್ನು ಕಟ್ಟಿ ಸ್ನಾನಕ್ಕೆ ಅಟ್ಟಣಿಗೆ ಮಾಡಿರುತ್ತಾರೆ. ಆಳ ಕಡಿಮೆ ಇರುವಾಗ ಹಿರಿಯರಿಗೆ ಇದು ಕಾಶಿಯ ಮೆಟ್ಟಿಲಿಗಿಂತ ಸುಲಭ, ದೋಣಿ ಹತ್ತಿ ಇಳಿಯಲು ಆಗಬೇಕು ಅಷ್ಟೇ. ದಂಪತಿ ಸಮೇತ ಹೋದವರು ವೇಣೀದಾನ ಮಾಡುತ್ತಾರೆ. ಹೆಂಡತಿಯ ಜಡೆಯನ್ನು ಗಂಡ ಹೆಣೆದು, ತುದಿಯನ್ನು ಕತ್ತರಿಸಿ ಗಂಗೆಗೆ ಬಿಡುವ ಪದ್ಧತಿ. ಐವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಜಡೆ ಮುಟ್ಟದ ಅಪ್ಪಂದಿರು ಅಲ್ಲಿ ಪರದಾಡುವುದನ್ನು ನೋಡಬೇಕು. ಅಮ್ಮಂದಿರು ನಗುತ್ತಾರೆ.

ಪುರೋಹಿತರ ವಿಷಯದಲ್ಲಿ ನನ್ನ ಸಲಹೆ ಒಂದೇ. ಊರಿನಿಂದಲೇ, ನಿಮ್ಮ ಮನೆಯ ಭಟ್ಟರ ಮೂಲಕ ಗೊತ್ತು ಮಾಡಿಕೊಂಡು ಹೋಗಿ. ಏನೇನು ಕಾರ್ಯ, ಸಾಮಗ್ರಿ ಸೇರಿ ದಕ್ಷಿಣೆ ಎಷ್ಟು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ರೈಲು ನಿಲ್ದಾಣದಲ್ಲಿ "ಕರ್ನಾಟಕವಾ? ಬನ್ನಿ ಬನ್ನಿ" ಎಂದು ಕನ್ನಡದಲ್ಲಿ ಕರೆದವರೆಲ್ಲ ನಮ್ಮವರಲ್ಲ.

ಕಾಶಿಗೆ ಹೋದವರು ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರುವ ರೂಢಿ ಗೊತ್ತೇ ಇದೆ. ಏನು ಬಿಡುವುದೆಂದು ಊರಿನಲ್ಲೇ ನಿರ್ಧರಿಸಿ. ಅಲ್ಲಿ ಪುರೋಹಿತರು ಕೇಳಿದಾಗ ಭಾವಾವೇಶದಲ್ಲಿ ಹಲಸು ಎಂದುಬಿಟ್ಟರೆ ಪ್ರತಿ ಮೇ ತಿಂಗಳೂ ಮನೆಯವರಿಗೆಲ್ಲ ಸಂಕಟ.

ಯಾವ ತಿಂಗಳು

ನಮ್ಮ ಬಿಡುವಿಗೂ ಗಂಗೆಯ ಬಿಡುವಿಗೂ ತಾಳೆಯಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಆಟಿ ತಿಂಗಳಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಮದುವೆ ಮುಂಜಿ ಇಲ್ಲ, ಕೋಲ ನೇಮ ಇಲ್ಲ, ಹಾಗಾಗಿ ಯಾತ್ರೆ ಮಾಡೋಣ ಎನಿಸುತ್ತದೆ. ಬೇಡ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಅವರಿಗೆ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಶುರು. ನಮ್ಮ ಪಂಚಾಂಗದಲ್ಲಿ ಇನ್ನೂ ಆಷಾಢ ಇರುವಾಗಲೇ ಹರಿದ್ವಾರಕ್ಕೆ ಕಾಂವಡ್ ಯಾತ್ರೆಯ, ಅಂದರೆ ಶಿವನಿಗೆಂದು ಗಂಗಾಜಲ ಹೊತ್ತೊಯ್ಯುವ, ಲಕ್ಷಾಂತರ ಜನ ನುಗ್ಗುತ್ತಾರೆ. ಹೆದ್ದಾರಿಯನ್ನೇ ಅವರಿಗೆ ಬಿಟ್ಟುಕೊಡಬೇಕಾಗುತ್ತದೆ. ಅದೇ ಹೊತ್ತಿಗೆ ಕಾಶಿಯಲ್ಲಿ ಶ್ರಾವಣ ಸೋಮವಾರದ ಸರದಿ. ಜೊತೆಗೆ ಗಂಗೆ ಏರಿ ಘಾಟ್‌ಗಳು ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ, ಆರತಿಯನ್ನು ಮಹಡಿಯ ಮೇಲೆ ಮಾಡಿದ ವರ್ಷಗಳಿವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಎರಡೂ ಊರು ಬೇಡ.

ಮಲ್ಪೆ, ಮಂಗಳೂರು ಬಂದರಿನ ಬೋಟಿನವರಿಗೆ ಕಷ್ಟ ಇನ್ನೂ ಜಾಸ್ತಿ. ಅವರಿಗೆ ರಜೆ ಸಿಗುವುದೇ ಮೀನುಗಾರಿಕೆ ನಿಷೇಧದ ಜೂನ್, ಜುಲೈಯಲ್ಲಿ. ಜೂನ್ ಮೊದಲ ವಾರಗಳಲ್ಲಿ ಕಾಶಿ ಕಾದ ಹೆಂಚಿನ ಹಾಗೆ. ಹರಿದ್ವಾರದಲ್ಲಿ ಚಾರ್‌ಧಾಮಕ್ಕೆ ಹೋಗುವವರ ನೂಕು. ಆದರೂ ಆ ಸಮಯದಲ್ಲೇ ಹೋಗಬೇಕಾದರೆ ನಾನು ಹರಿದ್ವಾರ ಎನ್ನುತ್ತೇನೆ, ತಣ್ಣನೆಯ ನೀರಾದರೂ ಇದೆ. ಶನಿವಾರ, ಭಾನುವಾರ ತಪ್ಪಿಸಿ. ದೆಹಲಿಯ ಕಾರುಗಳೆಲ್ಲ ಅಲ್ಲೇ ಇರುತ್ತವೆ.

ದಸರಾ ರಜೆ ಕಾಶಿಗೆ ಒಳ್ಳೆಯದು. ನೆರೆ ಇಳಿದಿರುತ್ತದೆ, ಘಾಟ್‌ನಲ್ಲಿ ನಿಂತ ಕೆಸರನ್ನು ತೊಳೆಯುತ್ತಿರುತ್ತಾರೆ, ಬಿಸಿಲು ಕಮ್ಮಿ. ಹರಿದ್ವಾರಕ್ಕೆ ಮಾತ್ರ ಇದು ಸರಿಯಾದ ಸಮಯವಲ್ಲ. ಹರ್ ಕೀ ಪೌಡಿಯಲ್ಲಿ ಹರಿಯುವುದು 1854ರಲ್ಲಿ ಶುರುವಾದ ಗಂಗಾ ಕಾಲುವೆಗೆ ತಿರುಗಿಸಿದ ನೀರು. ಪ್ರತಿ ವರ್ಷ ದಸರೆಯಿಂದ ದೀಪಾವಳಿವರೆಗೆ ರಿಪೇರಿಗೆಂದು ಕಾಲುವೆ ಮುಚ್ಚುತ್ತಾರೆ. ಅಷ್ಟು ದೂರ ಹೋಗಿ ಪಾದ ಮುಳುಗುವಷ್ಟು ನೀರು ನೋಡಿ ಬಂದವರು ಇದ್ದಾರೆ. ಆಗ ಋಷಿಕೇಶಕ್ಕೆ ಹೋಗಬೇಕು, 25 ಕಿಲೋಮೀಟರ್ ಮೇಲೆ. ಅಲ್ಲಿ ನದಿ ತುಂಬಿಯೇ ಹರಿಯುತ್ತದೆ.

ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದು ರೈಲು, ವಿಮಾನ ಎರಡೂ ಗಂಟೆಗಟ್ಟಲೆ ತಡ. ಸ್ವೆಟರ್ ಎಂದರೆ ಏನೆಂದು ಗೊತ್ತಿಲ್ಲದ ಊರಿನವರು ನಾವು. ಫೆಬ್ರವರಿ, ಮಾರ್ಚ್ ಎರಡೂ ಊರಿಗೆ ಚೆನ್ನ. ಶಿವರಾತ್ರಿಯ ಸುತ್ತಿನ ದಿನ ಕಾಶಿ ಬಿಡಿ. ಕಷ್ಟ ಏನೆಂದರೆ ಮಕ್ಕಳಿಗೆ ಪರೀಕ್ಷೆ, ಊರಲ್ಲಿ ಜಾತ್ರೆ, ನೇಮ. ಹಿರಿಯರು, ಜೊತೆಗೆ ಒಬ್ಬ ಮಗ ಅಥವಾ ಮಗಳು ಮಾತ್ರ ಹೋಗುವುದಾದರೆ ಇದೇ ಸರಿ. 2027ರಲ್ಲಿ ಹರಿದ್ವಾರದಲ್ಲಿ ಅರ್ಧಕುಂಭ ಇದೆ, ಅದಕ್ಕೆಂದೇ ಹೋಗುವವರಲ್ಲದಿದ್ದರೆ ಆ ತಿಂಗಳುಗಳನ್ನು ತಪ್ಪಿಸಿ.

ಪ್ಯಾಕೇಜೋ, ಸ್ವಂತವೋ

ಅರುವತ್ತು ದಾಟಿದ, ನಡೆಯಬಲ್ಲ, ಹಿಂದಿ ಬಾರದ ದಂಪತಿ ತಾವಿಬ್ಬರೇ ಹೊರಟರೆ ಪ್ಯಾಕೇಜ್ ಒಳ್ಳೆಯದು. ಕನ್ನಡದ ಅಡುಗೆಯವರು, ಜೊತೆಗೆ ಮಾತಿಗೆ ಜನ. 2022ರಲ್ಲಿ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿಗೆ ರಾಜ್ಯ ಸರ್ಕಾರ ಸಹಾಯಧನ ಕೊಟ್ಟಿತು. ಆಗ 20,000 ರೂಪಾಯಿಯ ಪ್ಯಾಕೇಜಿನಲ್ಲಿ 5,000 ಸರ್ಕಾರದ್ದು. ಮೊತ್ತ, ನಿಯಮ ಬದಲಾಗುತ್ತಿರುತ್ತವೆ. ಧಾರ್ಮಿಕ ದತ್ತಿ ಇಲಾಖೆಯ ಜಾಲತಾಣ ನೋಡಿಕೊಳ್ಳಿ. ಆದರೆ ಗುಂಪು ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ನೀವೂ ಏಳಬೇಕು. ಕಾಲು ನೋವಿನವರು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು, ಅಡಿಗಡಿಗೆ ಶೌಚಾಲಯಕ್ಕೆ ಹೋಗುವವರು ಇದ್ದರೆ ಸ್ವಂತ ವ್ಯವಸ್ಥೆಯೇ ಸರಿ. ದಿನಕ್ಕೊಂದೇ ಕೆಲಸ ಇಟ್ಟುಕೊಳ್ಳಿ. ನಾಲ್ಕು ಊರು ಮುಟ್ಟಿ ಬರುವುದಕ್ಕಿಂತ ಕಾಶಿಯಲ್ಲೇ ನಾಲ್ಕು ರಾತ್ರಿ ಇರುವುದು ಮೇಲು ಎನ್ನುವವನು ನಾನು.

ಅಷ್ಟು ದೂರ ಆಗದವರಿಗೆ

ಕೆಲವರಿಗೆ ಬೇಕಾದ್ದು ಅಸ್ಥಿ ವಿಸರ್ಜನೆ, ಪಿಂಡಪ್ರದಾನ ಮಾತ್ರ. ಅದಕ್ಕೆ ಉಪ್ಪಿನಂಗಡಿ ಇದೆ. ನೇತ್ರಾವತಿ, ಕುಮಾರಧಾರಾ ಸೇರುವ ಜಾಗ, ಸಹಸ್ರಲಿಂಗೇಶ್ವರನ ಸನ್ನಿಧಿ, ಗಯಾಪದ ಕ್ಷೇತ್ರವೆಂದೇ ಹೆಸರು. ಮಂಗಳೂರಿನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರಬಹುದು. ಮೈಸೂರು ಕಡೆ ನಂಟಿರುವವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗುತ್ತಾರೆ. ಹಾಸಿಗೆ ಹಿಡಿದ ಹಿರಿಯರನ್ನು ಎರಡು ರಾತ್ರಿ ರೈಲಿನಲ್ಲಿ ಕೂರಿಸುವ ಬದಲು, ಹೋದವರು ಗಂಗಾಜಲ ತಂದು ಅವರ ತಲೆಗೆ ಪ್ರೋಕ್ಷಿಸಿ. ಕಾಶಿಯಿಂದ ನೀರು ತರಬಾರದು ಎಂಬ ನಂಬಿಕೆ ಇರುವವರು ಪ್ರಯಾಗದಲ್ಲಿ ತುಂಬಿಸಿಕೊಳ್ಳುತ್ತಾರೆ. ವಿಮಾನದಲ್ಲಿ ಬರುವುದಾದರೆ ಅದನ್ನು ಕೈಚೀಲದಲ್ಲಿ ಇಡಬೇಡಿ, ಬಾಯಿ ಭದ್ರ ಮಾಡಿ ಲಗೇಜಿಗೆ ಹಾಕಿ.

ಟಿಕೆಟಿನ ಬಗ್ಗೆ

ಊರು ಗೊತ್ತಾದ ಮೇಲೆ ತಡ ಮಾಡಬೇಡಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹಿರಿಯರಿಗೆ ಇದ್ದ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಆದರೆ ಕೆಳಗಿನ ಬರ್ತ್‌ನ ಕೋಟಾ ಇದೆ, 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟಿಗೆ ಮಾತ್ರ ಅದು ಸಿಗುತ್ತದೆ. ಆದ್ದರಿಂದ ಮಕ್ಕಳು ಮರಿ ಎಲ್ಲ ಸೇರಿಸಿ ಆರು ಜನರ ಒಂದೇ ಟಿಕೆಟ್ ಮಾಡಬೇಡಿ. ಅಪ್ಪ ಅಮ್ಮನದ್ದು ಬೇರೆಯೇ ಮಾಡಿ, ಮೊದಲು ಅದನ್ನು ಮಾಡಿ. ಉಳಿದವರು ಯಾವ ಬೋಗಿಯಲ್ಲಿ ಸಿಕ್ಕಿದರೂ ನಡೆದು ಬಂದು ಮಾತಾಡಿಸಬಹುದು.